ಆಕ್ಸೊಲಾಟಲ್ ತರುವ ಮುನ್ನ ನೀರು ಸಿದ್ಧವಾಗಲಿ

ಅಕ್ವೇರಿಯಂ ಅಂಗಡಿಗಳಲ್ಲಿ ‘ವಾಕಿಂಗ್ ಫಿಶ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಆಕ್ಸೊಲಾಟಲ್ ಮೀನಲ್ಲ. ಅದು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಸರೋವರ ಹಾಗೂ ಕಾಲುವೆಗಳ ತಣ್ಣನೆಯ ನೀರಿಗೆ ಸೇರಿದ, ಹಲ್ಲಿಯಾಕಾರದ ಸಲಮಾಂಡರ್. ಕಪ್ಪೆಯಂತೆ ಉಭಯವಾಸಿಯಾದರೂ ಮರಿಗಾಲದ ಕಿವಿರುಗಳನ್ನು ಉಳಿಸಿಕೊಂಡೇ ಪ್ರೌಢಾವಸ್ಥೆಗೆ ಬರುವ ಇದು ಜೀವನಪರ್ಯಂತ ನೀರಿನಲ್ಲೇ ಇರುತ್ತದೆ. ಪಶುವೈದ್ಯನಾಗಿ ನಾನು ನೋಡುವ ಆಕ್ಸೊಲಾಟಲ್‌ಗಳ ಕಾಯಿಲೆಯ ಮೂಲ ಬಹುಪಾಲು ಟ್ಯಾಂಕಿನ ನೀರಿನಲ್ಲೇ ಇರುತ್ತದೆ.

ತಿಳಿಯಾಗಿ ಕಾಣುವ ನೀರೆಲ್ಲ ಸುರಕ್ಷಿತವಲ್ಲ. ಪ್ರಾಣಿಯ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಆ ಅವಧಿಯಲ್ಲಿ ಪ್ರಾಣಿಯಿಲ್ಲದ ಟ್ಯಾಂಕಿಗೆ, ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಸಿಗಲೆಂದು, ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಿಂದ ಪರೀಕ್ಷಿಸುತ್ತಿರಬೇಕು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗಿಳಿದು ಅಲ್ಲೇ ನಿಂತ ಮೇಲಷ್ಟೇ ಪ್ರಾಣಿಯನ್ನು ತರಬಹುದು. ನಲ್ಲಿ ನೀರನ್ನು ಕ್ಲೋರಿನ್ ನಿವಾರಕ ಹಾಕದೆ ಬಳಸಬಾರದು.

ನಮ್ಮ ಊರುಗಳಲ್ಲಿ ಇದಕ್ಕಿಂತ ಕಷ್ಟದ ವಿಷಯ ಶಾಖ. ಆಕ್ಸೊಲಾಟಲ್‌ಗೆ ಒಗ್ಗುವುದು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ಅಪಾಯ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ತಗ್ಗುತ್ತದೆ, ಅಮೋನಿಯಾದ ವಿಷತ್ವ ಹೆಚ್ಚುತ್ತದೆ, ಅಂದರೆ ಎರಡು ಪೆಟ್ಟುಗಳು ಒಟ್ಟಿಗೇ ಬೀಳುತ್ತವೆ. ನೀರಿನ ಮೇಲೆ ಬೀಸುವ ಫ್ಯಾನ್ ಕೆಲವೇ ಡಿಗ್ರಿ ಇಳಿಸಬಲ್ಲದು, ಐಸ್ ಬಾಟಲಿಗಳಿಂದ ತಾಪಮಾನ ಏರಿಳಿಯುತ್ತದೆ. ಬೆಂಗಳೂರಿನ ಏಪ್ರಿಲ್‌ಗೂ ಚಿಲ್ಲರ್, ಅಂದರೆ ನೀರು ತಂಪಾಗಿಸುವ ಯಂತ್ರ, ಬೇಕೇ ಬೇಕು. ಅದನ್ನು ಕೊಳ್ಳಲಾಗದಿದ್ದರೆ ಈ ಪ್ರಾಣಿಯನ್ನು ಸಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಟ್ಯಾಂಕಿನ ತಳದಲ್ಲಿ ಸಣ್ಣ ಕಲ್ಲುಗಳು ಬೇಡ. ಆಕ್ಸೊಲಾಟಲ್ ಬಾಯಿ ತೆರೆದು ನೀರಿನೊಂದಿಗೆ ಆಹಾರವನ್ನು ಒಳಗೆಳೆದುಕೊಳ್ಳುವುದರಿಂದ ಕಲ್ಲೂ ಒಳಹೋಗಿ ಕರುಳು ಕಟ್ಟಿಕೊಳ್ಳುತ್ತದೆ. ಎರೆಹುಳು ಉತ್ತಮ ಆಹಾರ, ಆದರೆ ಅದನ್ನು ಕೀಟನಾಶಕ ಸೋಕದ ಮಣ್ಣಿನಿಂದಲೇ ತರಬೇಕು.

ಪ್ರತಿದಿನ ಕಿವಿರುಗಳನ್ನು ಗಮನಿಸಿ. ಆರೋಗ್ಯವಂತ ಪ್ರಾಣಿಯ ತಲೆಯ ಎರಡೂ ಬದಿಯ ಮೂರು ಮೂರು ಕವಲುಗಳ ಮೇಲೆ ನವಿರಾದ ಎಳೆಗಳು ತುಂಬಿರುತ್ತವೆ. ಕವಲುಗಳು ಮುಂದಕ್ಕೆ ಬಾಗಿದ್ದರೆ, ಬಾಲದ ತುದಿ ಸುರುಳಿಯಾಗಿದ್ದರೆ, ಆಹಾರ ಬಿಟ್ಟಿದ್ದರೆ ಮೊದಲು ಥರ್ಮಾಮೀಟರ್ ಮತ್ತು ಟೆಸ್ಟ್ ಕಿಟ್ ನೋಡಿ. ಫಿಲ್ಟರ್‌ನ ರಭಸವನ್ನೂ ತಗ್ಗಿಸಿ. ಕಳೆದುಕೊಂಡ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಜೀವಿಯೆಂದು ಇದನ್ನು ಗಟ್ಟಿ ಎಂದು ಭಾವಿಸುವವರಿದ್ದಾರೆ. ಆದರೆ ಅದರ ಚರ್ಮ ನೀರಿನಲ್ಲಿರುವುದನ್ನೆಲ್ಲ ಹೀರಿಕೊಳ್ಳುವಷ್ಟು ತೆಳುವಾಗಿರುವುದರಿಂದ, ಮೀನುಗಳಿಗೆ ಕೊಡುವ ತಾಮ್ರದ ಔಷಧವನ್ನು ಸ್ವಂತ ನಿರ್ಧಾರದಿಂದ ಹಾಕಬಾರದು.

ಕಾನೂನನ್ನೂ ತಿಳಿದಿರಬೇಕು. ತಾಯ್ನೆಲದಲ್ಲಿ ಅಳಿವಿನಂಚಿಗೆ ಬಂದಿರುವ ಆಕ್ಸೊಲಾಟಲ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ 2024ರ ನಿಯಮಗಳಂತೆ, ಅಂಥ ಪ್ರಾಣಿಯನ್ನು ಹೊಂದಿರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಡಾರ್ಜಿಲಿಂಗ್ ಸೀಮೆಯ ಹಿಮಾಲಯನ್ ಸಲಮಾಂಡರ್ ಸಂರಕ್ಷಿತ ವನ್ಯಜೀವಿಯಾದ್ದರಿಂದ ಅದನ್ನು ಸಾಕುವಂತಿಲ್ಲ.

ವೈದ್ಯರ ಬಳಿ ಬರುವಾಗ ಪ್ರಾಣಿಯೊಂದಿಗೆ, ಬೇರೆ ಬಾಟಲಿಯಲ್ಲಿ ಟ್ಯಾಂಕಿನ ನೀರನ್ನೂ, ಹಿಂದಿನ ವಾರದ ತಾಪಮಾನದ ದಾಖಲೆಯನ್ನೂ ತನ್ನಿ.