ಹೊಲ ನಮ್ಮದು, ಮರ ಯಾರದ್ದು?

ಬದುವಿನಲ್ಲಿರುವ ಮರ ಕಡಿಯಬೇಕು, ಪರ್ಮಿಷನ್ ಯಾರ ಹತ್ತಿರ ಕೇಳೋದು? ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರು ಸಿಗುವುದು ಕಷ್ಟ. ಮರದ ಜಾತಿ ಯಾವುದು, ಜಮೀನು ಯಾವ ಬಗೆಯದು, ಇರುವುದು ಹಳ್ಳಿಯಲ್ಲೋ ಪೇಟೆಯಲ್ಲೋ ಅಂತ ನೋಡಿ ನಿಯಮ ಬದಲಾಗುತ್ತದೆ. ಕಡಿಯಲು ಅನುಮತಿ ಸಿಕ್ಕಿದರೂ ನಾಟಾ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇರೆ ಬೇಕಾಗಬಹುದು. ಇಷ್ಟು ಗೋಜಲು ಒಂದೇ ದಿನದಲ್ಲಿ ಆದದ್ದಲ್ಲ.

ಶುರು ಮಾಡಬೇಕಾದ್ದು ಗಂಧದಿಂದ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜಮರ, ಅಂದರೆ ಸರ್ಕಾರದ ಸ್ವತ್ತು, ಅಂತ ಘೋಷಿಸಿದ. ಆಮೇಲೆ ಒಡೆಯರು ಬಂದರು, ಬ್ರಿಟಿಷರು ಬಂದು ಹೋದರು, ರಾಜ್ಯದ ಹೆಸರೇ ಬದಲಾಯಿತು. ಗಂಧದ ಮೇಲಿನ ಹಕ್ಕು ಮಾತ್ರ 2001ರವರೆಗೆ ಸರ್ಕಾರದ ಕೈಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಮರ ಕಳಿಸುವುದು ನಿಂತಾಗ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. ಖಜಾನೆಗೆ ಇಷ್ಟು ಆದಾಯ ತರುವ ಮರವನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ?

ಈಗ ಇದನ್ನು ರೈತನ ಕಡೆಯಿಂದ ನೋಡಿ. ಗಂಧವನ್ನು ಯಾರೂ ನೆಡಬೇಕಾಗಿಲ್ಲ. ಹಕ್ಕಿ ಹಣ್ಣು ತಿಂದು ಬೀಜ ಉದುರಿಸುತ್ತದೆ, ಬೇಲಿ ಸಾಲಿನಲ್ಲಿ ಸಸಿ ತಾನಾಗಿ ಏಳುತ್ತದೆ. ಪಕ್ಕದ ಗಿಡದ ಬೇರಿನಿಂದ ಒಂದಷ್ಟು ಆಹಾರ ಹೀರಿಕೊಂಡು ಬೆಳೆಯುತ್ತದೆ. ಆದರೆ ಆಗ ಅದು ಬೆಳೆದಷ್ಟೂ ಜಮೀನಿನವನಿಗೆ ತಲೆನೋವು ಜಾಸ್ತಿಯಾಗುತ್ತಿತ್ತು. ಮರ ಸರ್ಕಾರದ್ದು, ಕಾಯುವ ಜವಾಬ್ದಾರಿ ಇವನದ್ದಾಗಿತ್ತು. ರಾತ್ರೋರಾತ್ರಿ ಕಳ್ಳರು ಕೊಯ್ದುಕೊಂಡು ಹೋದರೆ ಬೆಳಿಗ್ಗೆ ಮೊದಲು ಉತ್ತರ ಹೇಳಬೇಕಾದವನೂ ಇವನೇ ಆಗಿದ್ದ. ಇಲಾಖೆ ಕಡಿದು ಮಾರಿದ ಮೇಲೆ ಒಂದಿಷ್ಟು ದುಡ್ಡು ಬರುತ್ತಿತ್ತು ನಿಜ. ಆದರೆ ಅದಕ್ಕಾಗಿ ವರ್ಷಗಟ್ಟಲೆ ಭಯ ಸಾಕಿಕೊಳ್ಳುವವರು ಯಾರು? ಹಾಗಾಗಿ ಕಳೆ ಕೀಳುವಾಗ ಎರಡೆಲೆಯ ಗಂಧದ ಸಸಿಯೂ ಸುಮ್ನೆ ಕಳೆಯ ಜೊತೆ ಹೋಗುತ್ತಿತ್ತು. ಕೇಸಿಲ್ಲ, ಪಂಚನಾಮೆ ಇಲ್ಲ. ಕಾಡಿನಲ್ಲಿ ಕಳ್ಳರು ಎಷ್ಟು ಕಡಿದರು ಅಂತ ಎಲ್ಲರೂ ಮಾತಾಡುತ್ತಾರೆ. ಹೀಗೆ ಸಸಿಯಲ್ಲೇ ಹೋದದ್ದು ಯಾವ ಕಡತದಲ್ಲೂ ಇಲ್ಲ.

2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ತನ್ನ ಜಮೀನಿನ ಗಂಧಕ್ಕೆ ರೈತನೇ ಮಾಲೀಕನಾದ. ಕಡಿಯಲು ಮಾತ್ರ ಇಲಾಖೆಯ ಒಪ್ಪಿಗೆ ಬೇಕು, ಮಾರುವುದೂ ಸರ್ಕಾರಕ್ಕೆ ಇಲ್ಲವೇ ಸರ್ಕಾರಿ ಸಂಸ್ಥೆಗೆ ಅಂತಾಯಿತು. ಅಷ್ಟಕ್ಕೇ ಜನ ಗಂಧದ ತೋಟ ಮಾಡಲು ಮುಂದೆ ಬಂದರು. ಈಗ ಪಹಣಿಯಲ್ಲಿ ಗಂಧದ ಮರ ಸೇರಿಸಿ ಅಂತ ರೈತರೇ ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ. ಕಳ್ಳರ ಕಾಟ ಹೋಗಿಲ್ಲ. ಚೇಗು, ಅಂದರೆ ಪರಿಮಳದ ಒಳತಿರುಳು, ಕೂತಿದೆಯೋ ಇಲ್ಲವೋ ನೋಡಲು ಮರಕ್ಕೆ ತೂತು ಕೊರೆದು ಹೋಗುವವರಿದ್ದಾರೆ. ತಂತಿ ಬೇಲಿ, ನಾಯಿ, ಕ್ಯಾಮೆರಾ ಎಲ್ಲದರ ಖರ್ಚೂ ಬೆಳೆದವನದ್ದೇ.

ಉಳಿದ ಮರಗಳ ಕಥೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯದ್ದು. ಖಾಸಗಿ ಜಮೀನಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು ಅಂದದ್ದು ಇದು. ಒಣಗಿದ್ದು, ರೋಗ ಬಂದದ್ದು, ಗಾಳಿಗೆ ಬಿದ್ದದ್ದು, ಜೀವಕ್ಕೋ ಮನೆಗೋ ಅಪಾಯ ತರುವಂಥದ್ದು ಇವೆಲ್ಲ ಅನುಮತಿ ಕೊಡಲು ಕಾರಣಗಳು. ಅಂದರೆ ಸತ್ತ ಮರಕ್ಕೂ ಅರ್ಜಿ ಹಾಕಬೇಕು. ಕಡಿದರೆ ಬದಲಿಗೆ ಗಿಡ ನೆಡಬೇಕು ಅಂತಲೂ ಇದೆ.

ಇದೇ ಕಾಯ್ದೆ ಕೆಲವು ಜಾತಿಗಳನ್ನು ಹೊರಗಿಟ್ಟಿತು: ತೆಂಗು, ರಬ್ಬರ್, ಸರ್ವೆ, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್. ಇವನ್ನು ಕಡಿಯಲು ಯಾರನ್ನೂ ಕೇಳಬೇಕಾಗಿಲ್ಲ. ರೈತನ ಲೆಕ್ಕ ಸರಳ ಅಲ್ವಾ? ಬೇಕಾದಾಗ ಕಡಿಯಬಹುದಾದ್ದನ್ನೇ ನೆಡುತ್ತಾನೆ. ಕೊಡಗಿನ ಕಾಫಿ ತೋಟಗಳಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಅನ್‌ರಿಡೀಮ್ಡ್ ಬಾಣೆ (ಗದ್ದೆಯ ಜೊತೆ ಸೇರಿಕೊಂಡು ಬಂದ, ಮರದ ಬೆಲೆ ಸರ್ಕಾರಕ್ಕೆ ಕಟ್ಟಿರದ) ಜಮೀನಿನಲ್ಲಿ ಮರದ ಹಕ್ಕು ಸರ್ಕಾರದ್ದೇ, ಬೀಟೆಯಂಥ ಮರದ ತಂಟೆಯೇ ಬೇಡ ಅನ್ನುವಷ್ಟು ಕಾಗದಪತ್ರ. ಹಳೆಯ ಕಾಡುಮರದ ನೆರಳು ಕಡಿಮೆಯಾಗುತ್ತಾ ಬಂತು, ಆ ಜಾಗಕ್ಕೆ ಸಿಲ್ವರ್ ಓಕ್ ಬಂತು. ಕಾಳುಮೆಣಸು ಹಬ್ಬಿಸಲು ಅದು ಅನುಕೂಲ ಅನ್ನುವುದೂ ನಿಜವೇ. ಆದರೂ ಕಾಪಾಡಬೇಕಾದ ಮರಕ್ಕೆ ನೂರೆಂಟು ಷರತ್ತು ಹಾಕಿ ಹೊರಗಿನಿಂದ ಬಂದ ಮರಕ್ಕೆ ಬಾಗಿಲು ತೆರೆದಿಟ್ಟರೆ ಬೇರೇನು ಆದೀತು?

ಪೇಟೆಯ ಜಗಳ ಬೇರೆ. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣ, ಮೆಟ್ರೋ ಕೆಲಸ ಜೋರಾದಂತೆ ವೃಕ್ಷ ಕಾಯ್ದೆ ಸುದ್ದಿಗೆ ಬಂತು. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು ಅನ್ನುವ ನಿಯಮ ತಿದ್ದುಪಡಿಯಲ್ಲಿ ಸೇರಿತು. ಯೋಜನೆಯನ್ನೇ ತುಂಡು ತುಂಡು ಮಾಡಿ 50ರ ಒಳಗೆ ಅರ್ಜಿ ಹಾಕುತ್ತಾರೆ ಅನ್ನುವ ದೂರೂ ಹಿಂದೆಯೇ ಬಂತು. 2016ರಲ್ಲಿ ಉಕ್ಕಿನ ಮೇಲ್ಸೇತುವೆಗೆ 800ಕ್ಕೂ ಹೆಚ್ಚು ಮರ ಹೋಗುತ್ತವೆ ಅಂತ ಗೊತ್ತಾದಾಗ ಜನ ಬೀದಿಗಿಳಿದರು, ಮುಂದಿನ ವರ್ಷ ಆ ಯೋಜನೆಯೇ ರದ್ದಾಯಿತು. ನಗರದಲ್ಲಿ ಮರ ಕಡಿಯುವ ವಿಷಯ ಹೈಕೋರ್ಟಿಗೂ ಹೋಯಿತು. ತಜ್ಞರ ಸಮಿತಿ ಮರಗಳನ್ನು ನೋಡಬೇಕು, ಮರಗಣತಿ ಆಗಬೇಕು ಅನ್ನುವ ಮಾತಿಗೆ ಬಲ ಬಂದದ್ದು ಅಲ್ಲಿಂದ. ಗಣತಿ ಮಾಡುವುದು ವೃಕ್ಷ ಪ್ರಾಧಿಕಾರದ ಕೆಲಸ ಅಂತ ಆ ಕಾಯ್ದೆಯಲ್ಲೇ ಬರೆದಿದೆ.