ಡಿಸೆಂಬರಿನಲ್ಲಿ ಸಿಬೇಲಿಯಸ್ ಮನೆ ನೋಡಲು ಸಿಗುತ್ತದೆಯೇ?

ಪ್ರಶ್ನೆ: ಡಿಸೆಂಬರಿನಲ್ಲಿ ಫಿನ್ಲೆಂಡಿಗೆ ಹೊರಟಿದ್ದೇವೆ. ಸಂಗೀತ ಸಂಯೋಜಕ ಜಾನ್ ಸಿಬೇಲಿಯಸ್ ಬಾಳಿದ ಮನೆ ಐನೋಲಾ ಆಗ ಮುಚ್ಚಿರುತ್ತದಂತೆ. ಹೀಟರ್ ಹಾಕಿ ತೆರೆದಿಡಲು ಏನು ತೊಂದರೆ?

ಉತ್ತರ: ಮುಚ್ಚಿರುವುದು ನಿಜ. ಮನೆಯೊಳಗೆ ಪ್ರವೇಶ ಸಾಮಾನ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಇನ್ನು ಹೀಟರ್ ವಿಷಯ. ಹಳೆಯ ಮರದ ಮನೆ, ಹಳೆಯ ಪಿಯಾನೋ ಎರಡಕ್ಕೂ ಚಳಿಗಿಂತ ಹೀಟರೇ ಹೆಚ್ಚು ಅಪಾಯಕಾರಿ.

ಮೈನಸ್ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರಾವಿ ಹೆಚ್ಚೆಂದರೆ ಎರಡು ಗ್ರಾಂ ಚಿಲ್ಲರೆ. ಅದೇ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದು 17 ಗ್ರಾಂ ಹಿಡಿಯಬಲ್ಲದು. ಇರುವುದು ಮಾತ್ರ ಅದೇ ಎರಡು ಗ್ರಾಂ. ಅಂದರೆ ಕೋಣೆಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು) ಶೇ 12ರ ಆಸುಪಾಸಿಗೆ ಕುಸಿಯುತ್ತದೆ. ಪಿಯಾನೋಗೆ ಬೇಕಾದದ್ದು ಶೇ 40ರಿಂದ 60. ಐನೋಲಾದಲ್ಲಿರುವುದು 1915ರಲ್ಲಿ ಸಿಬೇಲಿಯಸ್‌ಗೆ 50 ತುಂಬಿದಾಗ ಉಡುಗೊರೆಯಾಗಿ ಬಂದ ಸ್ಟೈನ್‌ವೇ ಕಂಪನಿಯ ಪಿಯಾನೋ. ಇಂಥ ವಾದ್ಯದಲ್ಲಿ ತಂತಿಗಳ ಒಟ್ಟು ಎಳೆತ ಸುಮಾರು 20 ಟನ್. ಅದನ್ನು ಹೊರುವುದು ಕಬ್ಬಿಣದ ಚೌಕಟ್ಟು; ಅದರಡಿಯಲ್ಲಿದ್ದು ತಂತಿಯ ಸದ್ದನ್ನು ದೊಡ್ಡದು ಮಾಡುವ ನಾದಫಲಕ ಮಾತ್ರ ತೆಳು ಹಲಗೆ. ಇಷ್ಟು ಒಣಗಿದರೆ ಒಂದು ಮೀಟರ್ ಅಗಲದ ಹಲಗೆ ಕೆಲವು ಮಿಲಿಮೀಟರ್ ಕುಗ್ಗುತ್ತದೆ. ಅಂಚು ಬಿಗಿಯಾಗಿ ಅಂಟಿರುವುದರಿಂದ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಶ್ರುತಿಯ ಗೂಟಗಳು ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಮಳೆಗಾಲದಲ್ಲಿ ಬಿಗಿದುಕೊಂಡ ಬಾಗಿಲು ಬೇಸಿಗೆಯಲ್ಲಿ ಸಲೀಸಾಗುವುದನ್ನು ಕಂಡವರಿಗೆ ಇದು ಹೊಸದಲ್ಲ.

ಹಾಗಾದರೆ ಯಂತ್ರವಿಟ್ಟು ತೇವ ಬೆರೆಸಬಹುದಲ್ಲ? ಇಟ್ಟಿಗೆಯ ಹೊಸ ಕಟ್ಟಡದಲ್ಲಾದರೆ ಸರಿ. ಐನೋಲಾ ವಾಸ್ತುಶಿಲ್ಪಿ ಲಾರ್ಸ್ ಸೋಂಕ್ ವಿನ್ಯಾಸ ಮಾಡಿದ ಮರದ ದಿಮ್ಮಿಗಳ ಮನೆ. ಒಳಗಿನ ತೇವ ತಣ್ಣನೆಯ ಹೊರಗೋಡೆಯ ಸಂದುಗಳಿಗೆ ನುಗ್ಗಿ ಅಲ್ಲೇ ಹನಿಗಟ್ಟುತ್ತದೆ. ಮುಂದೆ ಬೂಷ್ಟು, ಕೊನೆಗೆ ಕೊಳೆತ. ಪಿಯಾನೋ ಉಳಿಸಲು ಹೋಗಿ ಗೋಡೆ ಕಳೆದುಕೊಂಡಂತೆ. ಇಂಥ ಮನೆಗಳಿಗೆ ಸಂರಕ್ಷಕರು ಸೂಚಿಸುವ ದಾರಿ ಸರಳ: ಚಳಿಗಾಲದಲ್ಲಿ ಕಡಿಮೆ ಕಾಯಿಸಿ. ಅದೇ ಗಾಳಿಯನ್ನು 5 ಡಿಗ್ರಿಯಲ್ಲಿ ನಿಲ್ಲಿಸಿದರೆ ಆರ್ದ್ರತೆ ಶೇ 30 ಮುಟ್ಟುತ್ತದೆ. ಮರ ತಾಳಿಕೊಳ್ಳುತ್ತದೆ, ಮನುಷ್ಯರಿಗೇ ಕಷ್ಟ. ಜೊತೆಗೆ ಹಿಮ ಮೆತ್ತಿದ ಬೂಟು, ಕೋಟುಗಳೊಡನೆ ಜನ ಗುಂಪಾಗಿ ಬಂದು ಹೋದರೆ ತೇವ ಗಂಟೆಗೊಮ್ಮೆ ಏರಿಳಿಯುತ್ತದೆ. ಒಂದೇ ಮಟ್ಟದ ಒಣಹವೆಗಿಂತ ಈ ಏರಿಳಿತ ಕೆಟ್ಟದ್ದು.

ಬೇಸಿಗೆಯಲ್ಲಿ ಹೋಗಲು ಸಾಧ್ಯವಾದರೆ ಊಟದ ಕೋಣೆಯ ಹಸಿರು ಒಲೆಯನ್ನು ತಪ್ಪಿಸಬೇಡಿ. ಹಸಿರು ಒಲೆ, ಕಿಟಕಿಯಿಂದ ಟೂಸುಲಾ ಸರೋವರದ ನೋಟ, ಇವೆರಡನ್ನು ಸಿಬೇಲಿಯಸ್ ಕೇಳಿ ಮಾಡಿಸಿಕೊಂಡಿದ್ದರು. 1940ರ ದಶಕದಲ್ಲಿ ತಮ್ಮ ಹಸ್ತಪ್ರತಿಗಳ ರಾಶಿಯನ್ನು ಸುಟ್ಟದ್ದೂ ಆ ಒಲೆಯಲ್ಲೇ; ಎಂಟನೆಯ ಸಿಂಫನಿಯೂ ಹಾಗೇ ಹೋಯಿತೆಂದು ನಂಬಲಾಗಿದೆ. ಕೊಳಾಯಿ ಸದ್ದು ಕೆಲಸಕ್ಕೆ ಅಡ್ಡಿಯೆಂದು ಅವರು 1957ರಲ್ಲಿ ತೀರಿಕೊಳ್ಳುವವರೆಗೆ ಮನೆಯೊಳಗೆ ನಲ್ಲಿ ನೀರು ಬರಲಿಲ್ಲ. ಮನೆಗೆ ಹೆಸರು ಕೊಟ್ಟ ಪತ್ನಿ ಐನೋ 1969ರವರೆಗೆ ಇಲ್ಲೇ ಇದ್ದರು. 1972ರಲ್ಲಿ ಹೆಣ್ಣುಮಕ್ಕಳು ಮನೆಯನ್ನು ಸರ್ಕಾರಕ್ಕೆ ಮಾರಿದರು, 1974ರಲ್ಲಿ ಮ್ಯೂಸಿಯಂ ತೆರೆಯಿತು. ದಂಪತಿಯ ಸಮಾಧಿ ತೋಟದಲ್ಲೇ ಇದೆ.

ನಿಮ್ಮ ಡಿಸೆಂಬರ್ ಪ್ರವಾಸಕ್ಕೆ ಎರಡು ಬದಲಿ ಜಾಗಗಳಿವೆ. ಸಿಬೇಲಿಯಸ್ ಹುಟ್ಟಿದ ಹಾಮೇನ್‌ಲಿನ್ನಾ ಊರಿನ ಮನೆಯೂ ಮ್ಯೂಸಿಯಂ ಆಗಿದೆ, ಹೊರಡುವ ಮುನ್ನ ತೆರೆದಿರುವ ವೇಳೆ ವಿಚಾರಿಸಿಕೊಳ್ಳಿ. ಹೆಲ್ಸಿಂಕಿಯ ಉದ್ಯಾನದಲ್ಲಿ 600ಕ್ಕೂ ಹೆಚ್ಚು ಉಕ್ಕಿನ ಕೊಳವೆಗಳ ಸಿಬೇಲಿಯಸ್ ಸ್ಮಾರಕಕ್ಕೆ ಬೀಗವಿಲ್ಲ. ಆದರೆ ಮಧ್ಯಾಹ್ನ 2ರೊಳಗೆ ತಲುಪಿ. ಆ ತಿಂಗಳು ಅಲ್ಲಿ ಮೂರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ.