ಬಸಿದ ಕಟ್ಟು ಎಲ್ಲಿಗೆ ಹೋಯ್ತು?

"ದಿನಾ ಸೊಪ್ಪು ತಿಂತೀನಿ ಮೇಡಂ. ಆದ್ರೂ ರಕ್ತ ಏರ್ತಿಲ್ಲ."

ಆಹಾರ ತಜ್ಞೆಯಾಗಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಈ ಸಲ ಹೇಳಿದವರು ಮೂವತ್ತು ದಾಟಿದ ಒಬ್ಬ ತಾಯಿ. ಇಬ್ಬರು ಮಕ್ಕಳು, ಮನೆಕೆಲಸ, ಜೊತೆಗೆ ಗಾರ್ಮೆಂಟ್ಸ್ ಕೆಲಸ. ಹಿಮೋಗ್ಲೋಬಿನ್ 8.9 ಇತ್ತು. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ಹೊತ್ತಿಗೆ ಕಾಲು ಸೋತು ಬರುತ್ತದೆ ಎಂದರು. ಅತ್ತೆ ಜೊತೆಯಲ್ಲಿ ಬಂದಿದ್ದರು. "ಸುಳ್ಳಲ್ಲ ಕಣಮ್ಮ, ವಾರದಲ್ಲಿ ನಾಕು ದಿನ ಸೊಪ್ಪೇ ಮಾಡ್ತಾಳೆ" ಎಂದು ಸೊಸೆಯ ಪರ ನಿಂತರು.

ನಾನು ನಂಬಿದೆ. ಎಷ್ಟು ತಿನ್ನುತ್ತೀರಿ ಎಂದು ಕೇಳಲಿಲ್ಲ. "ಹೇಗೆ ಮಾಡ್ತೀರಿ, ಹೆಚ್ಚೋದರಿಂದ ಹಿಡಿದು ಹೇಳಿ" ಎಂದೆ.

ಬೆಳಿಗ್ಗೆ ಹೊತ್ತು ಸಿಗುವುದಿಲ್ಲ. ಹಾಗಾಗಿ ರಾತ್ರಿಯೇ ಪಾಲಕ್ ಸಣ್ಣಗೆ ಹೆಚ್ಚಿಡುತ್ತಾರೆ. ಬೆಳಿಗ್ಗೆ ಹೆಚ್ಚಿದ ಸೊಪ್ಪನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಾರೆ. ಕುಕ್ಕರಿಗೆ ಹಾಕಿ ಮೂರು ವಿಷಲ್. ಬೆಂದ ನೀರು ಕಹಿ ಅಂತ ಸಿಂಕಿಗೆ. ಹಿಂಡಿದ ಸೊಪ್ಪಿಗೆ ಒಗ್ಗರಣೆ. ಮಧ್ಯಾಹ್ನ ಅನ್ನದ ಜೊತೆ ಊಟ. ಊಟ ಮುಗಿದ ಕೂಡಲೇ ಒಂದು ಲೋಟ ಗಟ್ಟಿ ಟೀ.

ಇದರಲ್ಲಿ ಅವರ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಹೊತ್ತಿಲ್ಲದ ಮನೆಗಳಲ್ಲೆಲ್ಲ ಹೀಗೇ ನಡೆಯುತ್ತದೆ. ಆದರೆ ಆ ಸೊಪ್ಪಿನ ಒಳ್ಳೆಯದು ಬಹುಪಾಲು ದಾರಿಯಲ್ಲೇ ಸೋರಿಹೋಗಿತ್ತು. ಹೆಚ್ಚಿಟ್ಟಾಗ ಗಾಳಿಗೆ ಸ್ವಲ್ಪ, ಹೆಚ್ಚಿದ ಮೇಲೆ ತೊಳೆದಾಗ ಸ್ವಲ್ಪ, ಕುಕ್ಕರಿನ ಕಾವಿಗೆ ಸ್ವಲ್ಪ, ಚೆಲ್ಲಿದ ನೀರಿನಲ್ಲಿ ಬಹಳ. ವಿಟಮಿನ್ ಸಿ ಮತ್ತು ರಕ್ತಕಣಗಳಿಗೆ ಬೇಕಾದ ಫೋಲೇಟ್ ಎಂಬ ಬಿ ವಿಟಮಿನ್ ಎರಡೂ ನೀರಿನಲ್ಲಿ ಕರಗುತ್ತವೆ, ಕಾವಿಗೆ ಕೆಡುತ್ತವೆ. ಕಬ್ಬಿಣ ಕಾವಿಗೆ ಕೆಡುವುದಿಲ್ಲ, ಅದು ಸೊಪ್ಪಿನಲ್ಲಿ ಉಳಿದಿತ್ತು. ಅದನ್ನು ಟೀ ತಡೆಯಿತು.

ಈ ಟೀ ವಿಷಯವನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ. ಮಾಂಸದಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಹಾಗಲ್ಲ. ನೂರಕ್ಕೆ ಐದರಿಂದ ಹತ್ತು ಪಾಲು ಸೇರಿದರೆ ಹೆಚ್ಚು. ಟೀ ಕಾಫಿಯ ಒಗರಿಗೆ ಕಾರಣವಾದ ಅಂಶಗಳು ಈ ಕಬ್ಬಿಣವನ್ನು ಕರುಳಲ್ಲೇ ಹಿಡಿದುಬಿಡುತ್ತವೆ. ಊಟದ ಜೊತೆ ಕುಡಿದ ಟೀ ಸೇರುವ ಕಬ್ಬಿಣವನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬಲ್ಲದು. ಕಾಫಿಯ ಹೊಡೆತ ಸ್ವಲ್ಪ ಕಡಿಮೆ, ಆದರೂ ಇದೆ. ವಿಟಮಿನ್ ಸಿ ಇದರ ಉಲ್ಟಾ ಕೆಲಸ ಮಾಡುತ್ತದೆ. ಅದೇ ಊಟದಲ್ಲಿ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಒಂದು ಸೀಬೆಹಣ್ಣು ತಿಂದರೆ ಸೇರುವ ಕಬ್ಬಿಣ ಎರಡು ಪಟ್ಟಿಗೂ ಹೆಚ್ಚಾಗಬಹುದು. ನಿಂಬೆರಸವನ್ನು ಒಲೆ ಆರಿಸಿದ ಮೇಲೆ, ಸಾಧ್ಯವಾದರೆ ತಟ್ಟೆಯಲ್ಲೇ ಹಿಂಡಿ. ಕುದಿಯುವಾಗ ಹಾಕಿದರೆ ಹುಳಿ ಉಳಿಯುತ್ತದೆ, ವಿಟಮಿನ್ ಬಹಳಷ್ಟು ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಅವರ ಅತ್ತೆಯನ್ನು ಕೇಳಿದೆ. "ಅಮ್ಮ, ನೀವು ಬಸ್ಸಾರು ಮಾಡ್ತಿದ್ದಾಗ ಆ ನೀರು ಚೆಲ್ತಿದ್ರಾ?"

"ಅಯ್ಯೋ, ಕಟ್ಟು ಚೆಲ್ಲಿದ್ರೆ ಸಾರು ಯಾವುದರಲ್ಲಿ ಮಾಡೋದು?" ಎಂದರು.

ನೋಡಿ, ಬೇಕಾದ ಉತ್ತರ ಆ ಮನೆಯಲ್ಲೇ ಇತ್ತು. ಮಂಡ್ಯ, ಮೈಸೂರು, ಹಾಸನ, ತುಮಕೂರು, ಕೋಲಾರದ ಅಡುಗೆಮನೆಗಳಲ್ಲಿ ಕಾಳು ಸೊಪ್ಪು ಬೇಯಿಸಿ ಬಸಿದ ನೀರಿಗೆ ಕಟ್ಟು ಎಂಬ ಹೆಸರಿದೆ. ಅದು ಸಾರಾಗುತ್ತದೆ. ಬಸಿದು ಉಳಿದದ್ದು ಪಲ್ಯ. ಎರಡೂ ಒಂದೇ ಊಟದಲ್ಲಿ ಮುದ್ದೆ ಜೊತೆ ಹೊಟ್ಟೆಗೆ ಹೋಗುತ್ತವೆ. ನೀರಿಗೆ ಇಳಿದದ್ದು ವಾಪಸ್ಸು ತಟ್ಟೆಗೇ ಬರುತ್ತದೆ. ಪೋಷಣೆಯ ಲೆಕ್ಕದಲ್ಲಿ ಇಷ್ಟು ಚೊಕ್ಕ ಅಡುಗೆ ಇನ್ನೊಂದು ನನಗೆ ಗೊತ್ತಿಲ್ಲ.

ನಾನು ಮನೆಯಲ್ಲಿ ಮಾಡುವುದು ಹೀಗೆ. ಒಂದು ಲೋಟ ಅಲಸಂದೆ ಅಥವಾ ಹೆಸರುಕಾಳನ್ನು ಹಿಂದಿನ ದಿನವೇ ನೆನೆಹಾಕುತ್ತೇನೆ. ಪುರಸೊತ್ತಿದ್ದರೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತೇನೆ. ಮೊಳಕೆ ಬಂದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ದಂಟಿನ ಸೊಪ್ಪನ್ನು ಹೆಚ್ಚುವ ಮುಂಚೆಯೇ, ಎಲೆಯಾಗಿರುವಾಗಲೇ, ದೊಡ್ಡ ಬೇಸಿನ್ ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸುತ್ತೇನೆ. ನೀರನ್ನು ಬಗ್ಗಿಸಬೇಡಿ, ಸೊಪ್ಪನ್ನು ಮೇಲೆತ್ತಿ. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಕೂರುತ್ತದೆ. ಮೂರು ಸಲ ಹೀಗೆ. ಮೂರನೇ ಸಲ ಬೇಸಿನ್ ತಳಕ್ಕೆ ಕೈ ಆಡಿಸಿದಾಗ ಮರಳು ಸಿಗಬಾರದು.

ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹೆಚ್ಚಿ ಹಾಕುತ್ತೇನೆ. ಎಳೆ ದಂಟನ್ನೂ ಬಿಸಾಡುವುದಿಲ್ಲ, ನಾರು ತೆಗೆದು ಸೇರಿಸುತ್ತೇನೆ. ಮೊದಲ ಎರಡು ನಿಮಿಷ ಮುಚ್ಚಳ ಬೇಡ. ಸೊಪ್ಪಿನ ಆಮ್ಲ ಆವಿಯಲ್ಲಿ ಹೋಗಬೇಕು, ಆಗ ಹಸಿರು ಬಣ್ಣ ಉಳಿಯುತ್ತದೆ. ಬಣ್ಣಕ್ಕಾಗಿ ಅಡುಗೆ ಸೋಡಾ ಹಾಕುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಸೋಡಾ ಬಿದ್ದರೆ ವಿಟಮಿನ್ ಸಿ, ಬಿ1 ಎರಡೂ ಕೆಡುತ್ತವೆ. ಐದಾರು ನಿಮಿಷದಲ್ಲಿ ಸೊಪ್ಪು ಬೆಂದಿರುತ್ತದೆ. ದಂಟನ್ನು ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಕರಗಬಾರದು. ಆಗ ಬಸಿಯುತ್ತೇನೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಕಾಯಿತುರಿ, ಹುಣಸೆಹಣ್ಣು, ಇವುಗಳ ಜೊತೆ ಬೆಂದ ಕಾಳುಸೊಪ್ಪು ಒಂದು ಸೌಟು ಹಾಕಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ, ಮೇಲೆ ಕಾಯಿ.

ಎಣ್ಣೆ ಬೇಡ ಅಂತ ಒಗ್ಗರಣೆಯನ್ನೇ ಬಿಡುವವರು ಈಗ ಜಾಸ್ತಿಯಾಗಿದ್ದಾರೆ. ಸೊಪ್ಪಿನಲ್ಲಿ ಬೀಟಾ ಕ್ಯಾರೋಟಿನ್ ಇದೆ. ದೇಹ ಅದರಿಂದಲೇ ಕಣ್ಣಿಗೆ ಬೇಕಾದ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಜಿಡ್ಡಿಲ್ಲದೆ ಅದು ಸೇರುವುದಿಲ್ಲ. ಒಬ್ಬರ ಪಾಲಿಗೆ ಒಂದು ಚಮಚ ಎಣ್ಣೆ, ಸ್ವಲ್ಪ ಕಾಯಿ ಸಾಕು. ಆದರೆ ಅಷ್ಟಾದರೂ ಇರಲಿ.

ಇನ್ನು ಯಾವ ಸೊಪ್ಪು? ಪೇಟೆಯಲ್ಲಿ ಸೊಪ್ಪು ಅಂದರೆ ಪಾಲಕ್ ಅನ್ನುವ ಹಾಗಾಗಿದೆ. ನನಗೆ ಇದು ನಿಜವಾಗಿ ಬೇಸರದ ವಿಷಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತದ ಆಹಾರಗಳ ಪಟ್ಟಿ ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಪಾಲಕ್‌ನಲ್ಲಿ ಕಬ್ಬಿಣ ಸುಮಾರು 3 ಮಿಲಿಗ್ರಾಂ, ಕ್ಯಾಲ್ಶಿಯಂ ಸುಮಾರು 80. ಅದೇ 100 ಗ್ರಾಂ ನುಗ್ಗೆಸೊಪ್ಪಿನಲ್ಲಿ ಕಬ್ಬಿಣ ನಾಲ್ಕೂವರೆ, ಕ್ಯಾಲ್ಶಿಯಂ 300ಕ್ಕೂ ಹೆಚ್ಚು, ಪ್ರೋಟೀನ್ ಸುಮಾರು 6 ಗ್ರಾಂ, ವಿಟಮಿನ್ ಸಿ 100 ಮಿಲಿಗ್ರಾಂ ಆಸುಪಾಸು. ಮೆಂತ್ಯ ಸೊಪ್ಪಿನಲ್ಲಿ ಕಬ್ಬಿಣ ಐದೂವರೆ ದಾಟುತ್ತದೆ. ಪಾಲಕ್‌ನಲ್ಲಿರುವ ಆ ಸ್ವಲ್ಪ ಕ್ಯಾಲ್ಶಿಯಂ ಕೂಡ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶದ ಜೊತೆ ಅಂಟಿಕೊಂಡಿರುತ್ತದೆ, ಮೂಳೆಗೆ ಸಿಗುವುದು ತೀರಾ ಕಮ್ಮಿ. ಪಾಲಕ್ ಬೇಡ ಎನ್ನುತ್ತಿಲ್ಲ. ಫೋಲೇಟ್‌ಗೆ ಅದು ಒಳ್ಳೆಯದು. ಅದೊಂದೇ ಆಗಬಾರದು ಅಷ್ಟೇ.

ನಮ್ಮಲ್ಲಿ ಸೊಪ್ಪಿಗೇನು ಬರವೇ? ಹಳೇ ಮೈಸೂರಿನ ಹೊಲದ ಬದುವಿನಲ್ಲಿ ಹೊನಗೊನೆ, ಗಣಿಕೆ, ಅಣ್ಣೆ ಸೊಪ್ಪು, ಎಲ್ಲ ಸೇರಿಸಿ ಬೆರಕೆ ಸೊಪ್ಪಿನ ಮಸ್ಸೊಪ್ಪು. ಮಲೆನಾಡಿನಲ್ಲಿ ಒಂದೆಲಗದ ತಂಬುಳಿ. ಕರಾವಳಿಯಲ್ಲಿ ಬಸಳೆ, ಹರಿವೆ, ಮಳೆಗಾಲಕ್ಕೆ ಚಗತೆ ಮತ್ತು ಕೆಸುವಿನ ಪತ್ರೊಡೆ. ಬಡಗಣ ಸೀಮೆಯ ಪುಂಡಿ ಪಲ್ಯದಲ್ಲಿ ಸೊಪ್ಪಿನ ಹುಳಿ ಇದೆ, ಜೋಳದ ನುಚ್ಚಿದೆ, ಬೇಳೆ ಇದೆ, ಬೆಳ್ಳುಳ್ಳಿ ಒಗ್ಗರಣೆ ಇದೆ. ಒಂದು ಊಟಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಆ ಒಂದು ಪಾತ್ರೆಯಲ್ಲೇ ಇದೆ. ಹಕ್ಕರಕಿಯನ್ನಂತೂ ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತಾರೆ, ವಿಟಮಿನ್ ಸಿ ಕಾವಿಗೆ ಸಿಕ್ಕುವ ಪ್ರಶ್ನೆಯೇ ಇಲ್ಲ. ಹಸಿ ಸೊಪ್ಪನ್ನು ಮಾತ್ರ ಎಲ್ಲಿ ಬೆಳೆದದ್ದು ಎಂದು ಕೇಳಿ ತನ್ನಿ. ತೊಳೆದರೆ ಮಣ್ಣು ಹೋಗುತ್ತದೆ. ಚರಂಡಿ ನೀರಿನಿಂದ ಬೇರು ಹೀರಿಕೊಂಡ ಲೋಹ ತೊಳೆದರೂ ಹೋಗದು, ಬೇಯಿಸಿದರೂ ಹೋಗದು.

ಅಮೆರಿಕದಿಂದ ಫೋನ್ ಮಾಡುವವರು ದಂಟು ಸಿಗಲ್ಲ, ಕೇಲ್ ಸಿಗುತ್ತೆ, ಏನು ಮಾಡಲಿ ಎನ್ನುತ್ತಾರೆ. ಕೇಲ್‌ನಲ್ಲಿ ಆಕ್ಸಲೇಟ್ ಕಮ್ಮಿ. ಧಾರಾಳವಾಗಿ ಮಸ್ಸೊಪ್ಪು ಮಾಡಿ. ಸ್ವಲ್ಪ ಜಾಸ್ತಿ ಹೊತ್ತು ಬೇಯಿಸಬೇಕು.

ಕಟ್ಟು ಚೆಲ್ಲಬೇಡಿ ಎಂದೆನಲ್ಲ, ಕೆಲವರು ಚೆಲ್ಲಲೇಬೇಕು. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಶಿಯಂ ಏರಿರುವವರು ಸೊಪ್ಪನ್ನು ನೀರಿನಲ್ಲಿ ಬೇಯಿಸಿ ಆ ನೀರನ್ನು ಬಿಡಬೇಕು. ಪೊಟ್ಯಾಶಿಯಂ ಅದರಲ್ಲೇ ಇಳಿಯುತ್ತದೆ. ಎಷ್ಟು ಸೊಪ್ಪು ತಿನ್ನಬಹುದು ಎಂಬುದನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗಿರುವವರಿಗೂ ಕಟ್ಟು ಬೇಡ. ಪಾಲಕ್, ದಂಟು, ಬಸಳೆ ಕಡಿಮೆ ಮಾಡಿ ಮೆಂತ್ಯ, ಮೂಲಂಗಿ ಸೊಪ್ಪಿಗೆ ಬನ್ನಿ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪು ಬಿಡಬೇಕಾಗಿಲ್ಲ. ಆದರೆ ಒಂದು ವಾರ ಹೊಟ್ಟೆ ತುಂಬ, ಇನ್ನೊಂದು ವಾರ ಒಂದೆಸಳೂ ಇಲ್ಲ ಎಂಬಂತೆ ಆಗಬಾರದು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ. ಪ್ರತಿ ವಾರ ಒಂದೇ ಅಳತೆ ಇರಲಿ.

ಹಾಲು ಮೊಸರೂ ಬಿಟ್ಟು ಬರೀ ಸಸ್ಯಾಹಾರಕ್ಕೆ ಬಂದ ಹುಡುಗ ಹುಡುಗಿಯರು ಈಗ ಕ್ಲಿನಿಕ್ಕಿಗೆ ಬರುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಬಿ12 ಯಾವ ಸೊಪ್ಪಿನಲ್ಲೂ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಅವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಪಾದ ಜುಮ್ಮೆನ್ನುತ್ತಿದೆ ಎಂದು ಬಂದ ಮೇಲೆ ಎಚ್ಚೆತ್ತರೆ ನರಕ್ಕಾದ ಪೆಟ್ಟು ಪೂರ್ತಿ ವಾಸಿಯಾಗದೇ ಉಳಿಯಬಹುದು.

ಇಷ್ಟೆಲ್ಲಕ್ಕಿಂತ ನನ್ನನ್ನು ಕಾಡುವುದು ಬಾಣಂತಿಯರ ಊಟ. ಕೆಲವು ಮನೆಗಳಲ್ಲಿ ಸಬ್ಬಸಿಗೆ ಸೊಪ್ಪಿನ ಸಾರು ಕೊಡುತ್ತಾರೆ, ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಮಗುವಿಗೆ ಹಸಿರು ಭೇದಿಯಾಗುತ್ತದೆ ಎಂದು ತಿಂಗಳುಗಟ್ಟಲೆ ಸೊಪ್ಪನ್ನೇ ಮುಟ್ಟಿಸುವುದಿಲ್ಲ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಹೆಣ್ಣುಮಗಳಿಗೆ ಅನ್ನ, ತಿಳಿಸಾರು, ತುಪ್ಪ ಅಷ್ಟೇ. ತಾಯಿ ತಿಂದ ಸೊಪ್ಪಿನಿಂದ ಮಗುವಿಗೆ ಭೇದಿ ಹತ್ತುವುದಿಲ್ಲ. ಎದೆಹಾಲು ಕುಡಿಯುವ ಮಗುವಿನ ಮಲ ಹಳದಿ, ಹಸಿರು ಎರಡೂ ಇರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡಿದೆ. ಇಂಥಲ್ಲಿ ಬಾಣಂತಿಯ ತಟ್ಟೆಯಿಂದ ಸೊಪ್ಪು ತೆಗೆಯುವುದು ನನಗೆ ನೋಡಲಾಗುವುದಿಲ್ಲ. ಚೆನ್ನಾಗಿ ತೊಳೆದು ಬೇಯಿಸಿದ ಸೊಪ್ಪನ್ನು ಅವರಿಗೆ ಕೊಡಿ. ರಾತ್ರಿ ಸೊಪ್ಪು ತಿನ್ನಬಾರದು ಎನ್ನುವುದಕ್ಕೂ ಹೆದರಬೇಕಿಲ್ಲ. ಬುಡ್ಡಿ ದೀಪದ ಬೆಳಕಿನಲ್ಲಿ ಹುಳ ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ.

ಆ ತಾಯಿಗೆ ವೈದ್ಯರು ಕಬ್ಬಿಣದ ಮಾತ್ರೆ ಬರೆದರು. 8.9 ಇರುವಾಗ ಸೊಪ್ಪನ್ನೇ ನಂಬಿ ಕೂರುವಂತಿಲ್ಲ, ಇದನ್ನು ಬಿಡಿಸಿ ಹೇಳಿದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯೇ ಎಂದು ವಿಚಾರಿಸಿದ್ದಾಯಿತು, ಜಂತುಹುಳದ ಮಾತ್ರೆಯೂ ಆಯಿತು. ಅಡುಗೆಯಲ್ಲಿ ನಾನು ಕೇಳಿದ್ದು ಮೂರೇ. ಸೊಪ್ಪನ್ನು ರಾತ್ರಿ ಬಿಡಿಸಿ ಒಣಬಟ್ಟೆಯಲ್ಲಿ ಸುತ್ತಿಡಿ, ಹೆಚ್ಚುವುದು ಬೆಳಿಗ್ಗೆ. ಬೆಂದ ನೀರು ಸಾರಿಗೆ. ಟೀ ಊಟವಾಗಿ ಒಂದೂವರೆ ಗಂಟೆ ಬಿಟ್ಟು. ಕಾರ್ಖಾನೆಯಲ್ಲಿ ಟೀ ಬಿಡುವು ಊಟಕ್ಕೆ ಅಂಟಿಕೊಂಡೇ ಇದೆ ಎಂದರು. ಹಾಗಾದರೆ ಕಬ್ಬಿಣದ ಊಟ ಮನೆಯಲ್ಲಿ ರಾತ್ರಿಗೆ ಇರಲಿ, ಮಧ್ಯಾಹ್ನದ ಡಬ್ಬಿಗೆ ಬೇರೇನಾದರೂ ಹಾಕಿಕೊಳ್ಳಿ ಎಂದು ಬದಲಾಯಿಸಿದೆವು. ಸಾಲದ್ದಕ್ಕೆ ಅತ್ತೆ ಹಿತ್ತಲಿನ ನುಗ್ಗೆಮರ ನೆನಪಿಸಿಕೊಂಡರು. ಕಾಯಿಗೆ ಮಾತ್ರ ಅದನ್ನು ಬಳಸುತ್ತಿದ್ದರಂತೆ.

ಮೂರು ತಿಂಗಳ ಮೇಲೆ ಬಂದಾಗ 11.4 ಇತ್ತು. ಮಾತ್ರೆ ನಿಲ್ಲಿಸಲೇ ಎಂದು ಕೇಳಿದರು. ಇನ್ನೂ ಮೂರು ತಿಂಗಳು ನುಂಗಿ ಎಂದಿದ್ದಾರೆ ವೈದ್ಯರು. ರಕ್ತ ಏರಿದ ಮೇಲೂ ದೇಹದ ಕಬ್ಬಿಣದ ದಾಸ್ತಾನು ತುಂಬಬೇಕಲ್ಲ. ಮಾತ್ರೆಯ ಕೆಲಸ ಮುಗಿದ ಮೇಲೂ ಆ ದಾಸ್ತಾನು ಬರಿದಾಗದಂತೆ ನೋಡಿಕೊಳ್ಳುವುದಕ್ಕೆ ಅವರ ಮನೆಯಲ್ಲಿ ಈಗ ವಾರಕ್ಕೆರಡು ದಿನ ಬಸ್ಸಾರು, ಒಂದು ದಿನ ನುಗ್ಗೆಸೊಪ್ಪು.